ಪಾಠ ಹನ್ನೊಂದರ ಮಂಚಮ್ಮ

ಬೋಗಾದಿ, ಮೈಸೂರು
೯ ಜೂನ್ ೨೦೨೪

ಪೂಜ್ಯ ಭಾನುಮತಿ ಮೇಡಂ ಅವರಿಗೆ,
ಅನುಪಮಾಳ ನಮಸ್ಕಾರಗಳು.

ಒಂದೇ ಊರಿನಲ್ಲಿದ್ದುಕೊಂಡು ಇವಳಿಗೇನು ಕಾಗದ ಬರೆಯುವ ಹುಚ್ಚು ಎಂದು ನೀವು ಅಂದುಕೊಳ್ಳಬಹುದು. ಸ್ಕೂಟರಿನಲ್ಲಿ ಬಂದರೆ ಕೃಷ್ಣಮೂರ್ತಿಪುರಂ ದೂರವೇನಲ್ಲ. ಆದರೆ ನಿಮ್ಮ ಎದುರು ನಿಂತರೆ ಈಗಲೂ ನನ್ನ ಬಾಯಿಂದ "ಹೂಂ ಮೇಡಂ" ಬಿಟ್ಟು ಬೇರೇನೂ ಹೊರಡುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಕಿವಿಯ ಮಿಷನ್ನು ಕೀಂಯ್ ಎನ್ನುತ್ತದೆ, ನಾನು ಕೂಗಬೇಕಾಗುತ್ತದೆ. ಈ ಮಾತನ್ನು ಕೂಗಿ ಹೇಳಲು ನನಗೆ ಇಷ್ಟವಿಲ್ಲ.

ಕಳೆದ ವಾರ ಪ್ರಕಾಶಕರಾದ ಸದಾಶಿವಯ್ಯನವರು ನಮ್ಮ ಕಾಲೇಜಿಗೆ ಬಂದಿದ್ದರು. ನಿಮ್ಮ 'ಮನೆಮಾತಿನ ಇಂಗ್ಲಿಷ್' ಪುಸ್ತಕಕ್ಕೆ ಇಪ್ಪತ್ತೈದು ವರ್ಷ ತುಂಬಿತಂತೆ, ಹೊಸ ಮುದ್ರಣ ತರುತ್ತಾರಂತೆ, ನಿಮಗೆ ಕಣ್ಣು ಮೊದಲಿನ ಹಾಗಿಲ್ಲವಾದ್ದರಿಂದ ತಿದ್ದುವ ಕೆಲಸ ನಾನು ಮಾಡಬೇಕಂತೆ. ನನ್ನ ಹೆಸರು ಹೇಳಿದ್ದು ನೀವೇ ಎಂದರು. ಸಂತೋಷವಾಯಿತು. ನಿಮ್ಮ ಹಜಾರದ ಚಾಪೆಯ ಮೇಲೆ ಕೂತು ಎ ಬಿ ಸಿ ಡಿ ತಿದ್ದಿದವಳು ನಾನು. ಇವತ್ತು ಡಿಗ್ರಿ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರೆ ಅದಕ್ಕೆ ನೀವೇ ಕಾರಣ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ನೀವು ಮೊದಲು ನೆನಪಿಸುವುದು ಇದನ್ನೇ.

ಪುಸ್ತಕವೆಲ್ಲ ತಿದ್ದಿಕೊಡುತ್ತೇನೆ, ಆದರೆ ಒಂದು ಷರತ್ತು. ಪಾಠ ಹನ್ನೊಂದರಿಂದ ನನ್ನ ಅವ್ವನ ಹೆಸರು ತೆಗೆಯಬೇಕು.

ಆ ಪುಟವನ್ನು ನೀವು ಕಡೆಯದಾಗಿ ನೋಡಿದ್ದು ಯಾವಾಗಲೋ. ಅದೇ ಪುಸ್ತಕ ನಮ್ಮ ಕಾಲೇಜಿನಲ್ಲೂ ಪಾಠಕ್ಕಿರುವುದರಿಂದ ನನಗೆ ಪ್ರತಿ ವರ್ಷ ನೋಡದೆ ವಿಧಿಯಿಲ್ಲ. ಮಾಡಲೇಬೇಕು, ಮಾಡಬೇಕು, ಮಾಡಕೂಡದು, ಮಾಡಬೇಕಾಗಿಲ್ಲ, ಇವನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವುದು ಹೇಗೆ ಎಂಬ ಪಾಠ ಅದು. ಮಸ್ಟ್, ಹ್ಯಾವ್ ಟು, ಶುಡ್, ಆಟ್ ಟು, ನೀಡ್ ನಾಟ್. ಒಂದೊಂದಕ್ಕೂ ಮನೆಯಲ್ಲಿ ದಿನಾ ಆಡುವ ಒಂದು ವಾಕ್ಯ, ಪಕ್ಕದಲ್ಲಿ ಕನ್ನಡದ ಅರ್ಥ. ಹೀಗೆ:

ಮಂಚಮ್ಮ ಮಸ್ಟ್ ಕಮ್ ಬಿಫೋರ್ ಸಿಕ್ಸ್. ಮಂಚಮ್ಮ ಆರು ಗಂಟೆಯೊಳಗೆ ಬರಲೇಬೇಕು.
ಮಂಚಮ್ಮ ಹ್ಯಾಸ್ ಟು ವಾಶ್ ಆಲ್ ದ ವೆಸೆಲ್ಸ್. ಮಂಚಮ್ಮ ಪಾತ್ರೆಯನ್ನೆಲ್ಲ ತೊಳೆಯಬೇಕಾಗುತ್ತದೆ.
ಮಂಚಮ್ಮ ಶುಡ್ ಯೂಸ್ ದ ಬ್ಯಾಕ್ ಡೋರ್. ಮಂಚಮ್ಮ ಹಿತ್ತಿಲ ಬಾಗಿಲಿನಿಂದ ಬರಬೇಕು.
ಮಂಚಮ್ಮ ಮಸ್ಟ್ ನಾಟ್ ಎಂಟರ್ ದ ಕಿಚನ್. ಮಂಚಮ್ಮ ಅಡುಗೆಮನೆಯೊಳಗೆ ಬರಕೂಡದು.
ಮಂಚಮ್ಮ ನೀಡ್ ನಾಟ್ ಕಮ್ ಆನ್ ಫ್ರೈಡೇ. ಶುಕ್ರವಾರ ಮಂಚಮ್ಮ ಬರಬೇಕಾಗಿಲ್ಲ.
ಮಂಚಮ್ಮ ಆಟ್ ಟು ಬಿ ಗ್ರೇಟ್‌ಫುಲ್. ಮಂಚಮ್ಮ ಉಪಕಾರ ನೆನೆಯಬೇಕು.

ಶುಕ್ರವಾರ ಯಾಕೆ ಬರಬೇಕಾಗಿಲ್ಲ ಎಂದು ಪುಸ್ತಕದಲ್ಲಿಲ್ಲ. ಅದು ನಿಮ್ಮ ಮನೆಯಲ್ಲಿ ಮಡಿಯ ದಿನ ಎಂದು ನನಗೆ ಗೊತ್ತು. ಅವ್ವ ಅದನ್ನು ರಜೆ ಅಂದುಕೊಂಡಿದ್ದಳು.

ಇದರ ಹಿಂದಿನದು ಪಾಠ ಹತ್ತು, ಅಪ್ಪಣೆ ಮತ್ತು ಶಕ್ತಿಯ ಪಾಠ. ಅಲ್ಲಿ ನಿಮ್ಮ ಮಕ್ಕಳಿದ್ದಾರೆ. ಪ್ರದ್ಯುಮ್ನ ಮೇ ಗೋ ಟು ದ ಝೂ. ಮೈತ್ರೇಯಿ ಕ್ಯಾನ್ ಸಿಂಗ್. ಪುಟ ತಿರುಗಿಸಿದರೆ ಅವ್ವ.

ನಮ್ಮ ಕಾಲೇಜಿನಲ್ಲಿ ಹಿಂದಿನ ಬೆಂಚಿನವರು ತಪ್ಪಿಸಿಕೊಳ್ಳಲಾಗದ ಯಾವುದಕ್ಕೂ "ಮಂಚಮ್ಮ ಮಸ್ಟ್" ಅನ್ನುತ್ತಾರೆ. ಅಟೆಂಡೆನ್ಸ್ ಮಂಚಮ್ಮ ಮಸ್ಟ್ ಕಣೋ, ಹೆಲ್ಮೆಟ್ಟು ಮಂಚಮ್ಮ ಮಸ್ಟ್ ಕಣೋ. ಅವರಿಗೆ ಅದೊಂದು ಗಾದೆಯಾಗಿಹೋಗಿದೆ. ಪಾಠ ಹೇಳುವವಳು ಮಂಚಮ್ಮನ ಮಗಳು ಎಂದು ಅವರಿಗೆ ಗೊತ್ತಿಲ್ಲ, ನಾನೂ ಹೇಳಿಲ್ಲ. ನನಗೆ ಸಂಕಟವಾಗುತ್ತದೆ ಮೇಡಂ. ದಯವಿಟ್ಟು ತೆಗೆಸಿ.

ನಿಮ್ಮ ಶಿಷ್ಯೆ,
ಅನುಪಮಾ


ಕೃಷ್ಣಮೂರ್ತಿಪುರಂ
೨೧ ಜೂನ್ ೨೦೨೪

ಚಿ॥ ಅನುಪಮಾಳಿಗೆ,
ಭಾನುಮತಿಯ ಆಶೀರ್ವಾದಗಳು.

ನಿನ್ನ ಕಾಗದವನ್ನು ಭೂತಕನ್ನಡಿ ಹಿಡಿದು ನಾನೇ ಓದಿದೆ. ಅಕ್ಷರ ಮೊದಲಿಗಿಂತ ದುಂಡಗಾಗಿದೆ, ಮಾತು ಮಾತ್ರ ಚೂಪಾಗಿದೆ.

ನಿನಗೆ ನೆನಪಿರಲಾರದು, ನನಗೆ ಚೆನ್ನಾಗಿ ನೆನಪಿದೆ. ಆ ಪುಸ್ತಕ ಬರೆಯುವಾಗ ನಾನು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂರುತ್ತಿದ್ದೆ. ನಿಮ್ಮವ್ವ ನೆಲ ಒರೆಸುತ್ತ, ಏನು ಬರೆಯುತ್ತಿದ್ದೀರಿ ಎಂದು ಕೇಳಿದಳು. ಮಕ್ಕಳ ಹೆಸರು ಹಾಕಿ ವಾಕ್ಯ ಮಾಡುತ್ತಿದ್ದೇನೆ ಎಂದೆ. "ನನ್ ಎಸ್ರೂ ಒಂದ್ಕಡೆ ಹಾಕ್ಬುಡಿ ಅಮ್ಮಾವ್ರೇ" ಎಂದಳು. ಅವಳು ಕೇಳಿದ್ದು ಒಂದು ಕಡೆ, ನಾನು ಇಡೀ ಪಾಠವನ್ನೇ ಕೊಟ್ಟೆ. ನಮ್ಮ ಯಜಮಾನರು ವೆಂಕಟಸುಬ್ಬಯ್ಯನವರು ಬದುಕಿದ್ದಾಗ, ನನ್ನ ಹೆಸರು ಯಾವ ಪುಟದಲ್ಲೂ ಇಲ್ಲವಲ್ಲೇ ಎಂದು ರೇಗಿಸುತ್ತಿದ್ದರು.

ಕನ್ನಡದಲ್ಲಿ ನಮಗೆ ಎಲ್ಲಕ್ಕೂ ಒಂದೇ 'ಬೇಕು'. ಕಾಫಿ ಬೇಕು, ಹೋಗಬೇಕು, ಸಾಯಬೇಕು, ಎಲ್ಲ ಅದೇ. ಇಂಗ್ಲಿಷಿನವರು ಅದನ್ನು ಕಡ್ಡಿ ಸೀಳಿದ ಹಾಗೆ ಸೀಳಿಟ್ಟಿದ್ದಾರೆ. ಮಸ್ಟ್ ಎಂದರೆ ಹೇಳುವವರ ಮನಸ್ಸಿನ ಒತ್ತಾಯ. ಹ್ಯಾವ್ ಟು ಎಂದರೆ ಹೊರಗಿನಿಂದ ಬಂದದ್ದು, ನೀನೂ ಏನೂ ಮಾಡುವ ಹಾಗಿಲ್ಲ, ನಾನೂ ಏನೂ ಮಾಡುವ ಹಾಗಿಲ್ಲ. ಶುಡ್ ಬುದ್ಧಿಮಾತು. ಆಟ್ ಟು ಧರ್ಮ. ಈ ವ್ಯತ್ಯಾಸ ಮಕ್ಕಳಿಗೆ ತಲೆಗೆ ಹೋಗಬೇಕಾದರೆ ಮನೆಯಲ್ಲಿ ದಿನ ಬೆಳಗಾದರೆ ಇವನ್ನೆಲ್ಲ ಹೇಳಿಸಿಕೊಳ್ಳುವವರೊಬ್ಬರು ಪಾಠದಲ್ಲಿ ಇರಬೇಕು. ನಮ್ಮ ಮನೆಯಲ್ಲಿ ಅದು ಮಂಚಮ್ಮ. ಯಾವುದೋ ದೇಶದ ರಾಜರಾಣಿಯರ ಹೆಸರಿನಲ್ಲಿ ವಾಕ್ಯ ಬರೆದಿದ್ದರೆ ಇಪ್ಪತ್ತೈದು ವರ್ಷ ಯಾರು ನೆನಪಿಟ್ಟುಕೊಳ್ಳುತ್ತಿದ್ದರು?

ಅಡುಗೆಮನೆಯ ವಾಕ್ಯ ನಿನಗೆ ಚುಚ್ಚಿರಬಹುದು. ಅದು ನಮ್ಮತ್ತೆಯ ಕಾಲದ ಮನೆ, ನಾನೂ ಮಡಿಯುಟ್ಟೇ ಒಳಗೆ ಹೋಗುತ್ತಿದ್ದೆ. ಅದೇ ಅತ್ತೆಯ ಎದುರು ನಿನ್ನನ್ನು ಹಜಾರದಲ್ಲಿ ನನ್ನ ಮಗಳ ಪಕ್ಕ ಕೂರಿಸಿ ಪಾಠ ಹೇಳಿದವಳು ನಾನು. ಅದನ್ನೂ ಒಂದು ಸಾಲು ಬರೆದಿದ್ದೀಯ, ಸರಿ. ಆದರೆ ಸಾಲ ತೀರಿಸಿ ಬಾಗಿಲು ಹಾಕಿಕೊಳ್ಳುವವರ ಹಾಗೆ ಬರೆದಿದ್ದೀಯ.

ಸದಾಶಿವಯ್ಯ ಸೆಪ್ಟೆಂಬರ್ ಕಡೆಯ ಭಾನುವಾರ ಬಿಡುಗಡೆ ಸಮಾರಂಭ ಇಟ್ಟಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿಗಳೆಲ್ಲ ಬರುತ್ತಾರೆ. ಪಾಠ ಹನ್ನೊಂದರ ಮಂಚಮ್ಮ ಯಾರು ಎಂದು ಎಲ್ಲರಿಗೂ ಕುತೂಹಲ. ವೇದಿಕೆಗೆ ಕರೆದು ಶಾಲು ಹೊದೆಸೋಣ ಎಂದಿದ್ದಾರೆ. ಅವಳು ಬರಲೇಬೇಕು. ಇದು ಮಸ್ಟ್.

ಹಿತೈಷಿ,
ಭಾನುಮತಿ


ಬೋಗಾದಿ
೧೪ ಜುಲೈ ೨೦೨೪

ಪೂಜ್ಯ ಮೇಡಂ ಅವರಿಗೆ,
ನಮಸ್ಕಾರಗಳು.

ಉತ್ತರ ಬರೆಯಲು ತಡವಾಯಿತು. ಮೂರು ಸಲ ಬರೆದು ಹರಿದೆ.

ಅವ್ವನನ್ನು ವೇದಿಕೆಗೆ ಕರೆಯಬೇಡಿ. ಕಾರಣ ಹೇಳುತ್ತೇನೆ, ಇದುವರೆಗೆ ಯಾರಿಗೂ ಹೇಳಿಲ್ಲ.

ಪುಸ್ತಕ ಅಚ್ಚಾದಾಗ ನೀವು ಒಂದು ಪ್ರತಿಯನ್ನು ಅವ್ವನ ಕೈಗೆ ಕೊಟ್ಟು, ನಿನ್ನ ಹೆಸರಿದೆ ನೋಡು ಎಂದು ಕಳಿಸಿದಿರಿ. ಆಗ ನಾವು ಅಶೋಕಪುರಂನಲ್ಲಿದ್ದೆವು. ಅವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಮುಖ ತೊಳೆದು, ತಲೆ ಬಾಚಿಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಗೋಡೆಗೆ ಒರಗಿ ಕೂತಳು. ಅಪ್ಪ ಸಣ್ಣಮಾದಯ್ಯ ಕೂಡ ಬೀಡಿ ಆರಿಸಿ ಪಕ್ಕದಲ್ಲಿ ಕೂತ. "ಓದು ಮಗ, ನನ್ ಬಗ್ಗೆ ಅಮ್ಮಾವ್ರು ಏನ್ ಬರ್ದವ್ರೆ" ಎಂದಳು.

ನನಗೆ ಹನ್ನೊಂದು ವರ್ಷ. ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ, ಆದರೆ ಪಕ್ಕದಲ್ಲಿ ಕನ್ನಡ ಇತ್ತಲ್ಲ. ಒಂದು ಸಾಲನ್ನು ಕಣ್ಣಲ್ಲೇ ಓದಿದೆ, ಎರಡನೆಯದನ್ನೂ ಓದಿದೆ. ತಲೆ ಎತ್ತಿ ಅವ್ವನ ಮುಖ ನೋಡಿದೆ. ಆಮೇಲೆ ಪುಸ್ತಕದ ಮೇಲೆ ಬೆರಳಿಟ್ಟುಕೊಂಡು, ಅದರಲ್ಲಿ ಇಲ್ಲದ್ದನ್ನು ಓದಿದೆ. ಮಂಚಮ್ಮ ಬೆಳಿಗ್ಗೆ ಎದ್ದು ಹೂವು ಮುಡಿಯುತ್ತಾಳೆ. ಮಂಚಮ್ಮ ಸೋಬಾನೆ ಹೇಳಿದರೆ ಬೀದಿಯೆಲ್ಲ ಕೇಳುತ್ತದೆ. ಮಂಚಮ್ಮ ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯುತ್ತಾಳೆ. ಮಂಚಮ್ಮನ ಮಗಳು ಟೀಚರ್ ಆಗುತ್ತಾಳೆ.

ಅವ್ವ ಇನ್ನೊಂದು ಸಲ ಓದಿಸಿದಳು. ಮತ್ತೆ ಅಪ್ಪನಿಗಾಗಿ ಒಂದು ಸಲ. ಅವಳಿಗೆ ಅಕ್ಷರ ಬರುವುದಿಲ್ಲ, ಆದರೆ ಒಮ್ಮೆ ಕೇಳಿದ ಪದ ಮರೆಯುವವಳಲ್ಲ. ಆ ನಾಲ್ಕು ಮಾತು ಅಂದಿನಿಂದ ಅವಳ ಬಾಯಲ್ಲಿವೆ. ಮದುವೆ ಮನೆಗಳಲ್ಲಿ ಹೇಳಿದ್ದಾಳೆ, ಅಪ್ಪ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಹಾಸಿಗೆಯವರಿಗೆ ಹೇಳಿದ್ದಾಳೆ. ಬೋಗಾದಿಯಲ್ಲಿ ನಾವು ಬಾಡಿಗೆ ಮನೆ ಹುಡುಕುವಾಗ ಒಬ್ಬ ಓನರ್ ಹೆಂಗಸು ನಮ್ಮ ಜಾತಿ ವಿಚಾರಿಸಿ, ನೀವು ತಪ್ಪು ತಿಳ್ಕೋಬಾರ್ದು ಎಂದಾಗ, ಅವ್ವ ಹೊರಗೆ ಬಂದು ನನ್ನ ಕೈ ಹಿಡಿದು, "ಬುಡು ಮಗ, ನನ್ ಎಸ್ರು ಪುಸ್ತಕದಲ್ಲಿ ಅದೆ, ಅವ್ರದ್ದು ಅದಾ" ಎಂದಿದ್ದಳು. ಆ ಪ್ರತಿ ಈಗಲೂ ಅಂಬೇಡ್ಕರ್ ಪಟದ ಕೆಳಗೆ ಇದೆ.

ಸಭೆಯಲ್ಲಿ ಕೂತವರಿಗೆಲ್ಲ ನಿಮ್ಮ ಪಾಠ ಬಾಯಿಗೆ ಬರುತ್ತದೆ. ಅವ್ವನಿಗೆ ಬರುವುದು ನನ್ನದು. ಆ ಎರಡೂ ಒಂದೇ ಕೋಣೆಯಲ್ಲಿ ಸೇರಕೂಡದು. ನಾನು ಕೇಳುತ್ತಿರುವುದು ಇಷ್ಟೇ, ಕೈಮುಗಿದು ಕೇಳುತ್ತಿದ್ದೇನೆ.

ನಿಮ್ಮ,
ಅನುಪಮಾ


ಕೃಷ್ಣಮೂರ್ತಿಪುರಂ
೩ ಆಗಸ್ಟ್ ೨೦೨೪

ಚಿ॥ ಅನುಪಮಾಳಿಗೆ ಆಶೀರ್ವಾದ.

ನಿನ್ನ ಕಾಗದ ಬರುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು. ನೀನು ಕಾಲೇಜಿಗೆ ಹೋಗಿದ್ದಾಗ ಸದಾಶಿವಯ್ಯನವರೇ ನಿಮ್ಮ ಮನೆಗೆ ಹೋಗಿ ಎಲೆ ಅಡಿಕೆ ಇಟ್ಟು ಕರೆದು ಬಂದಿದ್ದಾರೆ. ಮಾರನೆಯ ದಿನ ಮಂಚಮ್ಮ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ನಿನಗೆ ಹೇಳಿಲ್ಲವೆಂದು ಕಾಣುತ್ತದೆ. ಎಷ್ಟು ಸಂತೋಷವಾಗಿದ್ದಳು ಎಂದರೆ, ಈಗ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನಿನಗೆ ಬಂದರೆ ನೀನೇ ಹೇಳು.

ಮುಂಬಾಗಿಲಿನಿಂದ ಬಾ ಎಂದೆ. ಕುರ್ಚಿ ಕೊಟ್ಟೆ, ಕೂರಲಿಲ್ಲ. ಅಡುಗೆಮನೆಯ ಹೊಸಿಲಿನ ಈಚೆಗೆ, ಹಿಂದೆ ಕೂರುತ್ತಿದ್ದ ಜಾಗದಲ್ಲೇ ಕೂತಳು. ಕಾಫಿ ಕುಡಿದು ಲೋಟವನ್ನು ತಾನೇ ತೊಳೆದಿಟ್ಟಳು. ಇದಕ್ಕೂ ನಾನೇ ಹೊಣೆಯೇ?

ನೀನು ಬರೆದದ್ದನ್ನು ಓದಿ ನನಗೆ ಬೇಜಾರಾಯಿತು. ನಿನ್ನ ಸುಳ್ಳಿನ ಸಂಗತಿ ನನ್ನ ಬಾಯಿಂದ ಹೊರಗೆ ಹೋಗುವುದಿಲ್ಲ. ಪಾಠ ಹನ್ನೊಂದರ ವಾಕ್ಯಗಳನ್ನು ನೀನೇ ಬದಲಿಸು, ಸದಾಶಿವಯ್ಯನವರಿಗೆ ಹೇಳಿದ್ದೇನೆ. ಬೇಕಾದರೆ ಅವಳ ಹೆಸರನ್ನು ಪಾಠ ಹತ್ತಕ್ಕೆ ತೆಗೆದುಕೊಂಡು ಹೋಗು. ಮಂಚಮ್ಮ ಮೇ ಸಿಟ್ ಆನ್ ದ ಚೇರ್. ಆಗ ನಿನ್ನದೂ ನನ್ನದೂ ಇಬ್ಬರದೂ ನಡೆದ ಹಾಗಾಗುತ್ತದೆ.

ಸಮಾರಂಭದಲ್ಲಿ ಯಾರೂ ಪಾಠ ಓದುವುದಿಲ್ಲ. ಅವಳ ಕೈಗೆ ಮೈಕ್ ಕೊಡುವುದಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಫೋಟೋ. ಇದು ನನ್ನ ಮಾತು.

ಭಾನುಮತಿ


ಬೋಗಾದಿ
೨೫ ಆಗಸ್ಟ್ ೨೦೨೪

ಪೂಜ್ಯ ಮೇಡಂ ಅವರಿಗೆ,

ತಿದ್ದಿದ ಪ್ರತಿಯನ್ನು ಸದಾಶಿವಯ್ಯನವರಿಗೆ ಕೊಟ್ಟಾಯಿತು. ಪಾಠ ಹನ್ನೊಂದರಲ್ಲಿ ಈಗ ಯಾರ ಹೆಸರೂ ಇಲ್ಲ. ಕೆಂಪು ದೀಪ ಬಂದಾಗ ಡ್ರೈವರುಗಳು ನಿಲ್ಲಲೇಬೇಕು. ರೋಗಿಗಳು ಸಾಲಿನಲ್ಲಿ ಕಾಯಬೇಕಾಗುತ್ತದೆ. ನಾವು ಮಾತು ಉಳಿಸಿಕೊಳ್ಳಬೇಕು, ಇದಕ್ಕೆ ಆಟ್ ಟು ಹಾಕಿದ್ದೇನೆ. ಓದಿದರೆ ಬಸ್ ಸ್ಟ್ಯಾಂಡಿನ ಬೋರ್ಡುಗಳನ್ನು ಓದಿದ ಹಾಗಿದೆ, ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಅದೇ ಒಳ್ಳೆಯದು.

ಕುರ್ಚಿಯ ವಾಕ್ಯ ಹಾಕಲಿಲ್ಲ. ಕೂರಲು ಅವಳಿಗೆ ಅಪ್ಪಣೆ ಕೊಡುವವರು ಯಾರು ಎಂದು ಹುಡುಗರು ಕೇಳಿದರೆ ನಾನೇನು ಹೇಳಲಿ?

ಅವ್ವನಿಗೆ ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ. ನನ್ನ ಮದುವೆಗೆಂದು ತೆಗೆದಿಟ್ಟಿರುವ ನೇರಳೆ ಸೀರೆಯನ್ನು ಉಡುತ್ತಾಳಂತೆ, ನನ್ನ ಮದುವೆಯ ದಾರಿ ಕಾಯುವುದಿಲ್ಲವಂತೆ. ಅಲ್ಲಿ ಏನಾದರೂ ಮಾತಾಡಬೇಕಾಗುತ್ತದಾ ಎಂದು ಕೇಳಿದಳು. ಸುಮ್ಮನೆ ಕೂತಿದ್ದರೆ ಸಾಕು ಎಂದೆ. ಸ್ವಲ್ಪ ಸಪ್ಪಗಾದಳು.

ನಿಮ್ಮ ಮಾತನ್ನು ನಂಬಿ ಕರೆದುಕೊಂಡು ಬರುತ್ತೇನೆ.

ಅನುಪಮಾ


ಕೃಷ್ಣಮೂರ್ತಿಪುರಂ
೫ ಅಕ್ಟೋಬರ್ ೨೦೨೪

ಚಿ॥ ಅನುಪಮಾಳಿಗೆ ಆಶೀರ್ವಾದ.

ಗೊಂಬೆ ಕೂರಿಸಿದ್ದೇವೆ. ಪ್ರತಿ ವರ್ಷ ಮೊದಲ ದಿನವೇ ಬರುತ್ತಿದ್ದವಳು ಈ ಸಲ ಬರಲಿಲ್ಲ. ಫೋನ್ ಮಾಡಿಸಿದರೆ ಎತ್ತುತ್ತಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಮೈಕ್ ಕೊಡುವುದಿಲ್ಲ ಎಂದಿದ್ದೆ, ನಿಜ. ಆದರೆ ನೀನೂ ನೋಡಿದೆಯಲ್ಲ, ಶಾಲು ಹೊದೆಸಿದ ಮೇಲೆ ಜನ ಚಪ್ಪಾಳೆ ನಿಲ್ಲಿಸಲೇ ಇಲ್ಲ. ಅಷ್ಟು ಜನರೆದುರು ಅವಳನ್ನು ಮೂಗಿಯ ಹಾಗೆ ನಿಲ್ಲಿಸಿ ಕಳಿಸುವುದು ನನಗೆ ಸರಿ ಕಾಣಲಿಲ್ಲ. ಒಂದೆರಡು ಮಾತು ಹೇಳು ಮಂಚಮ್ಮ ಎಂದು ನಾನೇ ಮೈಕನ್ನು ಅವಳ ಕಡೆ ತಿರುಗಿಸಿದೆ. ನಮಸ್ಕಾರ ಎಂದು ಬಂದುಬಿಡುತ್ತಾಳೆ ಅಂದುಕೊಂಡೆ.

ಮೈಕಿನ ಹತ್ತಿರ ಕಿರುಚುತ್ತದೆಂದು ನನ್ನ ಕಿವಿಯ ಮಿಷನ್ನನ್ನು ತೆಗೆದು ಕೈಚೀಲದಲ್ಲಿ ಇಟ್ಟಿದ್ದೆ. ಅವಳು ಏನು ಹೇಳಿದಳೆಂದು ನನಗೆ ಕೇಳಿಸಲಿಲ್ಲ. ಸಭೆಯೆಲ್ಲ ನಗುವುದು ಕಂಡಿತು. ಏನೋ ತಮಾಷೆ ಹೇಳಿದಳು ಎಂದು ನಾನೂ ನಕ್ಕು ಚಪ್ಪಾಳೆ ತಟ್ಟಿದೆ. ಮನೆಗೆ ಬಂದ ಮೇಲೆ ಪ್ರದ್ಯುಮ್ನ ಹೇಳಿದ. ಹಾಗೆ ಆಗಬಾರದಿತ್ತು. ಆದರೂ ಯಾರೂ ಕೆಟ್ಟ ಮನಸ್ಸಿನಿಂದ ನಗಲಿಲ್ಲ, ಅವರೆಲ್ಲ ಅವಳನ್ನು ಪ್ರೀತಿಸುವವರೇ.

ಆದರೆ ನೀನು ಮಾಡಿದ್ದೂ ಸರಿಯಲ್ಲ. ವೇದಿಕೆ ಹತ್ತಿ, ಯಾರ ಮುಖವನ್ನೂ ನೋಡದೆ, ಊಟಕ್ಕೂ ನಿಲ್ಲದೆ ಅವಳ ಕೈ ಹಿಡಿದು ಎಳೆದುಕೊಂಡು ಹೋದೆ. ಸದಾಶಿವಯ್ಯನವರಿಗೆ ಎಷ್ಟು ಮುಜುಗರವಾಯಿತು ಗೊತ್ತೇ? ಯೂ ಶುಡ್ ಹ್ಯಾವ್ ಸ್ಟೇಡ್. ನಿನಗೆ ನಾನೇ ಕಲಿಸಿದ್ದು. ಮಾಡಬೇಕಾಗಿತ್ತು, ಮಾಡಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ವಿಜಯದಶಮಿಯ ಒಳಗೆ ಬಂದು ಹೋಗು. ಮಂಚಮ್ಮನನ್ನೂ ಕರೆದುಕೊಂಡು ಬಾ.

ಭಾನುಮತಿ


ಬೋಗಾದಿ
೨೦ ಅಕ್ಟೋಬರ್ ೨೦೨೪

ಶ್ರೀಮತಿ ಭಾನುಮತಿ ಅವರಿಗೆ,

ನಿಮಗೆ ಕೇಳಿಸಲಿಲ್ಲ ಎಂದಿರಿ. ಅದಕ್ಕೆ ಅಲ್ಲಿ ನಡೆದದ್ದನ್ನು ಬರೆಯುತ್ತೇನೆ.

ನೀವು ಮೈಕ್ ತಿರುಗಿಸಿದಾಗ ಅವ್ವ ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. ಆರನೆಯ ಸಾಲಿನಲ್ಲಿ ಕೂತಿದ್ದ ನಾನು ಏಳುವಷ್ಟರಲ್ಲಿ ಶುರುಮಾಡಿಬಿಟ್ಟಿದ್ದಳು. "ನಂಗೆ ಮಾತಾಡಕ್ ಬರಲ್ಲ. ಪುಸ್ತಕದಲ್ಲಿ ಅಮ್ಮಾವ್ರು ನನ್ ಬಗ್ಗೆ ಬರ್ದಿರದ ಯೋಳ್ತಿನಿ" ಎಂದಳು. ಬೆಳಿಗ್ಗೆ ಹೂವು ಮುಡಿಯುವುದನ್ನು ಹೇಳಿದಳು. ಸೋಬಾನೆಯನ್ನು ಹೇಳಿದಳು. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಕುರ್ಚಿ ಮೇಲೆ ಕೂತು ಕಾಫಿ ಕುಡಿಯುವ ಮಾತು ಬಂದಾಗ ಹಿಂದಿನಿಂದ ಯಾರೋ "ಮಂಚಮ್ಮ ಮಸ್ಟ್ ಕಮ್ ಬಿಫೋರ್ ಸಿಕ್ಸ್" ಎಂದು ಕೂಗಿದರು. ಅಷ್ಟೇ ಸಾಕಾಯಿತು. ಇಡೀ ಸಭೆ ದನಿಗೂಡಿಸಿತು. ಪಾತ್ರೆ, ಹಿತ್ತಿಲ ಬಾಗಿಲು, ಅಡುಗೆಮನೆ, ಶುಕ್ರವಾರ, ಎಲ್ಲವನ್ನೂ ಒಂದೂ ಬಿಡದೆ ರಾಗವಾಗಿ ಹೇಳಿದರು. ನೀವು ಚೆನ್ನಾಗಿ ಕಲಿಸಿದ್ದೀರಿ.

ಅವ್ವನಿಗೆ ಇಂಗ್ಲಿಷ್ ತಿಳಿಯದು, ತನ್ನ ಹೆಸರು ಮಾತ್ರ ಕೇಳಿಸುತ್ತಿತ್ತು. ಹೊಗಳುತ್ತಿದ್ದಾರೆ ಎಂದು ಕೈಮುಗಿದುಕೊಂಡು ನಿಂತಳು. ನಗು ನಿಲ್ಲದಿದ್ದಾಗ ಗಾಬರಿಯಾಗಿ ನಿಮ್ಮ ಕಡೆ ತಿರುಗಿದಳು. ನೀವು ನಗುತ್ತಿದ್ದಿರಿ. ನಿಮ್ಮನ್ನು ನೋಡಿ ಅವಳೂ ನಕ್ಕಳು. ಮಗಳು ಟೀಚರ್ ಆಗುತ್ತಾಳೆ ಎನ್ನುವ ನಾಲ್ಕನೆಯ ಮಾತು ಅವಳ ಬಾಯಲ್ಲೇ ಉಳಿಯಿತು.

ಅವಳನ್ನು ಆಟೋ ಹತ್ತಿಸಿದೆ. ಮನೆಗೆ ಬಂದು ಪಟದ ಕೆಳಗಿನ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟಳು. ಈ ಸಲ ಮುಖ ತೊಳೆಯಲಿಲ್ಲ, ಗೋಡೆಗೆ ಒರಗಲಿಲ್ಲ. "ಬರ್ದಿರದ್ನೇ ಓದು" ಎಂದಳು.

ಓದಿದೆ. ಇಂಗ್ಲಿಷ್ ಒಂದು ಸಾಲು, ಕನ್ನಡ ಒಂದು ಸಾಲು. ಆರು ಗಂಟೆಯ ಮಾತಿಗೆ ಹೂಂ ಎಂದಳು, ಪಾತ್ರೆಗೆ ಹೂಂ ಎಂದಳು. ಅಡುಗೆಮನೆಯದ್ದಕ್ಕೆ ಮುಂದಿನದು ಓದು ಎಂದಳು. ಶುಕ್ರವಾರದ್ದಕ್ಕೆ ಕಾರಣ ಕೇಳಿದಳು, ಹೇಳಿದೆ. ಉಪಕಾರ ನೆನೆಯಬೇಕು ಎಂಬುದನ್ನು ಎರಡು ಸಲ ಓದಿಸಿ, "ಅದೂ ಆರ್ ಗಂಟೆ ಒಳಗೇನಾ" ಎಂದಳು. ನಗಲಿಲ್ಲ. ಆಮೇಲೆ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ.

"ಅಮ್ಮಾವ್ರು ಬರ್ದಿರದು ದಿಟ. ಅಂಗೇ ನಡೀತಿತ್ತು. ದಿಟವ ಬರ್ದು, ಓದಕ್ ಬಾರ್ದೋಳ ಕೈಗೆ ಕೊಟ್ಟು ಕಳ್ಸುದ್ರಲ್ಲ, ಅದ್ಕೆ ಇನ್ನು ಆ ಮನೆ ಮೆಟ್ಲು ಅತ್ತಲ್ಲ ನಾನು. ನೀನ್ ಯೋಳಿದ್ದು ಸುಳ್ಳು. ಮುಸ್ರೆ ತಿಕ್ಕಿ ನಿನ್ನ ಓದುಸ್ದೆ, ಅದ ಬಾಯ್ಬುಟ್ಟು ಓದಕೆ ನಿಂಗೆ ನಾಚ್ಕೆ ಆಯ್ತು. ನಿನ್ ನಾಚ್ಕೆಗೆ ನಂಗೆ ಊವ ಮುಡ್ಸಿ ಕುರ್ಚಿ ಮ್ಯಾಲ ಕೂರ್ಸ್ಬುಟ್ಟೆ."

ನಾನು ಚಿಕ್ಕವಳಿದ್ದೆ ಅವ್ವ, ನಿನಗೆ ನೋವಾಗಬಾರದೆಂದು ಹಾಗೆ ಮಾಡಿದೆ ಎಂದೆ. "ಚಿಕ್ಕೋಳಿದ್ದೆ ಸರಿ. ದೊಡ್ಡೋಳಾಗಿ ಎಷ್ಟ್ ವರ್ಸ ಆಯ್ತು" ಎಂದಳು.

ಹೊಸ ಮುದ್ರಣದ ಪ್ರತಿಯನ್ನೂ ತೋರಿಸಿದೆ. ಕೆಟ್ಟ ಮಾತನ್ನೆಲ್ಲ ತೆಗೆಸಿದ್ದೇನೆ ಎಂದೆ. ತನ್ನ ಹೆಸರು ಎಲ್ಲಿದೆ ಎಂದು ಕೇಳಿದಳು. ಇಲ್ಲ ಎಂದೆ. ಪುಟದ ಮೇಲೆ ಕೈಯಾಡಿಸಿ ಮುಚ್ಚಿಟ್ಟಳು. ನೀವು ಅವಳನ್ನು ಹಿತ್ತಿಲ ಬಾಗಿಲಿನಿಂದ ಕರೆದಿರಿ, ನಾನು ಯಾವ ಬಾಗಿಲಿನಿಂದಲೂ ಬರದ ಹಾಗೆ ಮಾಡಿದೆ. ನನಗೆ ನಿಮ್ಮ ಮೇಲಿರುವ ಸಿಟ್ಟು ಆರಿಲ್ಲ, ಆರುವುದೂ ಇಲ್ಲ. ಆದರೆ ಅದನ್ನು ಅವ್ವನ ಪರವಾಗಿ ತೋರಿಸುವ ಹಕ್ಕು ನನಗಿದೆ ಎಂದುಕೊಂಡಿದ್ದೆ, ಅದು ಹೋಯಿತು.

ಶಾಲನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಅವ್ವ ಒಗೆದು ಮಡಿಸಿ ಕೊಟ್ಟಿದ್ದಾಳೆ. ಗೊಂಬೆ ನೋಡಲು ನಾನು ಬರಲಿಲ್ಲ, ಇನ್ನು ಬರುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಒಂದು ಹೊಸ ಪದ್ಧತಿ ಶುರುವಾಗಿದೆ. ಕರೆಂಟ್ ಬಿಲ್ಲಾಗಲಿ, ಮಾತ್ರೆಯ ಚೀಟಿಯಾಗಲಿ, ಅವ್ವ ಮೊದಲಿನ ಹಾಗೆ ನನ್ನಿಂದಲೇ ಓದಿಸುತ್ತಾಳೆ. ಹೂಂ ಎನ್ನುತ್ತಾಳೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ರಸ್ತೆ ತುದಿಯ ಜೆರಾಕ್ಸ್ ಅಂಗಡಿಗೆ ಹೋಗಿ, ಅದನ್ನೇ ಅಂಗಡಿಯ ಸಿದ್ದೇಶ್ ಅವರಿಂದ ಇನ್ನೊಂದು ಸಲ ಓದಿಸಿಕೊಂಡು ಬರುತ್ತಾಳೆ. ಕಾಲೇಜಿನಲ್ಲಿ ನಾನು ಓದಿದ್ದನ್ನು ಹುಡುಗರೆಲ್ಲ ಬರೆದುಕೊಳ್ಳುತ್ತಾರೆ, ಮನೆಯಲ್ಲಿ ನಾನು ಓದಿದ್ದು ಸಾಲದು.

ಈ ಕಾಗದವನ್ನೂ ಕೇಳಿದ್ದಾಳೆ. ಮೊದಲಿನಿಂದ ಕೊನೆಯವರೆಗೆ ಓದಿದೆ. ಒಂದು ಮಾತನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಮಡಿಸಿ ಕೈಗೆ ತೆಗೆದುಕೊಂಡು ಬಾಗಿಲಿನಲ್ಲಿ ನಿಂತಿದ್ದಾಳೆ, ಈ ಕಡೆಯ ಸಾಲುಗಳಿಗೆಂದು ಮತ್ತೆ ಇಸಕೊಂಡೆ. ಅಂಗಡಿಯಿಂದ ಬಂದ ಮೇಲೆ ಅಂಚೆಗೆ ತಾನೇ ಹಾಕುತ್ತಾಳಂತೆ.

ಇದು ನಿಮ್ಮ ಕೈ ಸೇರಿದರೆ, ಸಿದ್ದೇಶ್ ಓದಿದ್ದೂ ನಾನು ಓದಿದ್ದೂ ಒಂದೇ ಆಗಿತ್ತು ಎಂದು ತಿಳಿಯಿರಿ.

ಮಂಚಮ್ಮನ ಮಗಳು,
ಅನುಪಮಾ